ಹಾಕುವುದು ಹಾಲು, ಬೀಳುವುದು ಪುಡಿಯ ದರ



ಕೆಲವು ತಿಂಗಳ ಹಿಂದೆ ಒಂದು ಸಂಘದ ಸದಸ್ಯರ ಸಭೆಗೆ ಹೋಗಿದ್ದೆ. ಹಾಲಿನ ದರ ಲೀಟರಿಗೆ ಇಷ್ಟು ಕಡಿಮೆಯಾದದ್ದು ಯಾಕೆ ಎಂದು ಹಿಂದಿನ ಸಾಲಿನಿಂದ ಒಬ್ಬರು ಎದ್ದು ಕೇಳಿದರು. "ಹಾಲಿನ ಪುಡಿಯ ದರ ಬಿದ್ದಿದೆಯಮ್ಮಾ" ಎಂದು ವೇದಿಕೆಯಿಂದ ಉತ್ತರ ಹೋಯಿತು. ಆಕೆ ಕೂರಲಿಲ್ಲ. "ನಾವೇನು ಪುಡಿ ಹಾಕ್ತೀವಾ ಮೇಡಂ? ನಾವು ಹಾಕೋದು ಹಾಲು. ಬೂಸಾ ಚೀಲದ ದರ ಏರಿದ್ದು ನಮಗೆ ಗೊತ್ತಾಗುತ್ತೆ, ಮಳೆ ಬಂದು ಮೇವಾಯ್ತು ಅನ್ನೋದೂ ಗೊತ್ತಾಗುತ್ತೆ. ಈ ಪುಡಿ ದರ ಯಾವ ಊರಲ್ಲಿ ಬೀಳುತ್ತೆ ಅಂತ ಒಂದು ಸಲ ಹೇಳಿಬಿಡಿ." ಎಲ್ಲರೂ ನಕ್ಕರು. ವೇದಿಕೆಯಿಂದ ಉತ್ತರ ಕೊಟ್ಟಿದ್ದವಳು ನಾನೇ. ಅವತ್ತು ಊಟದ ಹೊತ್ತಾಗಿತ್ತು, ಏನೋ ಎರಡು ಮಾತು ಹೇಳಿ ಮುಗಿಸಿದೆ. ಆ ಪ್ರಶ್ನೆಗೆ ಸರಿಯಾದ ಉತ್ತರ ಉದ್ದವಾದದ್ದು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಿಮಗೆ ಚೆನ್ನಾಗಿ ಗೊತ್ತಿರುವ ಸಂಗತಿಯಿಂದಲೇ ಶುರು ಮಾಡೋಣ. ಕೆಚ್ಚಲಿನಿಂದ ಬಂದ ಹಾಲು ಸುಮಾರು 38 ಡಿಗ್ರಿ ಬೆಚ್ಚಗಿರುತ್ತದೆ. ಆ ಬಿಸುಪಿನಲ್ಲಿ ಅದರೊಳಗಿನ ಸೂಕ್ಷ್ಮಾಣುಗಳು ಅರ್ಧ ಗಂಟೆಗೊಮ್ಮೆ ದುಪ್ಪಟ್ಟಾಗಬಲ್ಲವು. ಕೈ, ಪಾತ್ರೆ, ಕೆಚ್ಚಲು ಎಷ್ಟೇ ಚೊಕ್ಕಟವಿದ್ದರೂ ಕೆಲವು ಗಂಟೆ ಕಳೆದರೆ ಹಾಲು ಹುಳಿಯತ್ತ ತಿರುಗುತ್ತದೆ. ಅಂದರೆ ಹಾಲು ಗೂಟಕ್ಕೆ ಕಟ್ಟಿದ ಹಸುವಿದ್ದಂತೆ. ಹಗ್ಗ ಎಷ್ಟು ಉದ್ದವೋ ಅಷ್ಟೇ ದೂರ ಅದರ ಓಡಾಟ. ನಿಮ್ಮ ಅಜ್ಜಿಯ ಕಾಲದಲ್ಲಿ ಆ ಹಗ್ಗ ಊರ ಗಡಿ ದಾಟುತ್ತಿರಲಿಲ್ಲ. ಮನೆಗೆ, ನೆರೆಮನೆಗೆ, ಹೆಚ್ಚೆಂದರೆ ಪಕ್ಕದ ಪೇಟೆಯ ಹೋಟೆಲಿಗೆ. ಉಳಿದದ್ದು ಹೆಪ್ಪಾಗಿ, ಕಡೆಗೋಲಿಗೆ ಸಿಕ್ಕಿ, ಬೆಣ್ಣೆಯಾಗಿ ತುಪ್ಪವಾಗಿ ಸಂತೆಗೆ ಹೋಗುತ್ತಿತ್ತು. ದೂರ ಹೋಗುತ್ತಿದ್ದುದು ತುಪ್ಪ ಒಂದೇ. ಆ ತುಪ್ಪದ ದುಡ್ಡು ಬಹಳ ಮನೆಗಳಲ್ಲಿ ಅಜ್ಜಿಯ ಸೆರಗಿನ ಗಂಟಿನಲ್ಲಿ ಇರುತ್ತಿತ್ತು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಆ ಹಗ್ಗ ಉದ್ದವಾಗುತ್ತಾ ಬಂದ ಹಾಗೆಲ್ಲ ಹಾಲಿನ ದರ ತೀರ್ಮಾನವಾಗುವ ಜಾಗವೂ ಕೊಟ್ಟಿಗೆಯಿಂದ ದೂರ ಹೋಗುತ್ತಾ ಬಂತು. ಹಗ್ಗ ಉದ್ದ ಮಾಡಿದ್ದು ಯಂತ್ರಗಳು.

1882ರ ಎರಡು ಘಟನೆ

ಭೂಪಟದಲ್ಲಿ ನ್ಯೂಜಿಲೆಂಡ್ ನೋಡಿದ್ದೀರಾ? ಆಸ್ಟ್ರೇಲಿಯಾದಾಚೆ, ದಕ್ಷಿಣದ ಕೊನೆಯಲ್ಲಿ ಇರುವ ಎರಡು ದ್ವೀಪಗಳು. ವರ್ಷದ ಬಹುಭಾಗ ಹಸಿರು ಹುಲ್ಲು. ಆದರೆ ಕೊಳ್ಳುವವರು ಅರ್ಧ ಭೂಮಿಯ ಆಚೆ, ಇಂಗ್ಲೆಂಡಿನಲ್ಲಿ. ಹುಲ್ಲಿದ್ದು ಏನು ಪ್ರಯೋಜನ? ಅಲ್ಲಿನವರು ಕುರಿಯ ಉಣ್ಣೆ ಕಳಿಸುತ್ತಿದ್ದರು. ಉಣ್ಣೆ ಕೆಡುವುದಿಲ್ಲವಲ್ಲ.

1882ರ ಫೆಬ್ರುವರಿ 15ರಂದು ಅಲ್ಲಿನ ಪೋರ್ಟ್ ಚಾಮರ್ಸ್ ಬಂದರಿನಿಂದ 'ಡನಿಡಿನ್' ಎಂಬ ಹಾಯಿ ಹಡಗು ಹೊರಟಿತು. ಹಡಗು ಸಾಗುತ್ತಿದ್ದುದು ಗಾಳಿಯ ಬಲದಿಂದ, ಆದರೆ ಅದರ ಹೊಟ್ಟೆಯೊಳಗೆ ಕಲ್ಲಿದ್ದಲು ಉರಿಸಿ ನಡೆಸುವ ಒಂದು ತಣ್ಣನೆ ಯಂತ್ರವಿತ್ತು. ಸುಮಾರು 5,000 ಕುರಿಗಳ ಮಾಂಸ ಮತ್ತು ಕೆಲವು ಪೀಪಾಯಿ ಬೆಣ್ಣೆ ಹೆಪ್ಪುಗಟ್ಟಿಸಿ ತುಂಬಿದ್ದರು. ಸಮಭಾಜಕ ವೃತ್ತದ ಸೆಕೆಯಲ್ಲಿ ತಂಪು ಎಲ್ಲ ಕಡೆ ಹರಡುತ್ತಿಲ್ಲ ಎಂದು ಗೊತ್ತಾಯಿತು. ಕಪ್ತಾನನೇ ಗಾಳಿಯ ಕೊಳವೆಯೊಳಗೆ ತೆವಳಿ ಹೋಗಿ ಹೊಸ ಕಿಂಡಿ ಕೊರೆದ. ಚಳಿಗೆ ಮರಗಟ್ಟಿ ಪ್ರಜ್ಞೆ ತಪ್ಪುವಷ್ಟರಲ್ಲಿ ನಾವಿಕರು ಹಗ್ಗದಿಂದ ಎಳೆದು ಹೊರಗೆ ತಂದರು. 98 ದಿನ ಸಾಗಿ ಹಡಗು ಲಂಡನ್ ಮುಟ್ಟಿದಾಗ ಕೆಟ್ಟದ್ದೆಂದು ಬಿಸಾಡಿದ್ದು ಒಂದೇ ಒಂದು ಕುರಿಯ ಮಾಂಸ.

ಆಮೇಲಿನ ಐವತ್ತು ವರ್ಷಗಳಲ್ಲಿ ನ್ಯೂಜಿಲೆಂಡಿನ ಕಾಡು ಕಡಿದು ಹುಲ್ಲುಗಾವಲಾಯಿತು, ಊರೂರಿಗೆ ಬೆಣ್ಣೆಯ ಕಾರ್ಖಾನೆ ಬಂತು. ಲಂಡನ್ನಿನ ಕೂಲಿಕಾರನ ಬ್ರೆಡ್ಡಿನ ಮೇಲೆ ಸವರುವ ಬೆಣ್ಣೆ ಪಕ್ಕದ ಹಳ್ಳಿಯದ್ದಲ್ಲ, ಭೂಮಿಯ ಆ ತುದಿಯದ್ದು. ಇಂಗ್ಲೆಂಡಿನ ಹಳ್ಳಿಯಲ್ಲಿ ಬೆಣ್ಣೆ ಕಡೆಯುತ್ತಿದ್ದವಳಿಗೆ ಹೊಸ ಪೈಪೋಟಿ ಬಂತು. ಆ ಪೈಪೋಟಿಯ ಮುಖವನ್ನು ಅವಳು ಎಂದೂ ನೋಡಲಿಲ್ಲ.

ಅದೇ 1882ರಲ್ಲಿ ಇನ್ನೊಂದು ಕಡೆ, ಯೂರೋಪಿನ ಡೆನ್ಮಾರ್ಕ್ ದೇಶದ ಯೆಡ್ಡಿಂಗ್ ಎಂಬ ಹಳ್ಳಿಯಲ್ಲಿ ರೈತರು ಸೇರಿ ಒಂದು ಹಾಲಿನ ಡೈರಿ ತೆರೆದರು. ಅದರ ಹಿಂದೆಯೂ ಯಂತ್ರಗಳೇ ಇದ್ದವು. ಅಮೆರಿಕದಲ್ಲಿ ರೈಲು ಹಳಿ ಹಾಸಿ, ಸಮುದ್ರದಲ್ಲಿ ಉಗಿ ಹಡಗು ಓಡತೊಡಗಿದ ಮೇಲೆ ಅಲ್ಲಿನ ಗೋಧಿ ಯೂರೋಪಿಗೆ ಬಹಳ ಅಗ್ಗವಾಗಿ ಬಂದು ಬಿತ್ತು. ಡೆನ್ಮಾರ್ಕಿನ ರೈತರು ಬೆಳೆದ ಧಾನ್ಯಕ್ಕೆ ಬೆಲೆ ಇಲ್ಲದಂತಾಯಿತು. ಅವರು ಅಳುತ್ತಾ ಕೂರದೆ ಲೆಕ್ಕ ತಿರುಗಿಸಿದರು: ಧಾನ್ಯ ಅಗ್ಗವಾದರೆ ಅದನ್ನೇ ಕೊಂಡು ದನಕ್ಕೂ ಹಂದಿಗೂ ಹಾಕೋಣ, ಬೆಣ್ಣೆಯನ್ನೂ ಹಂದಿಮಾಂಸವನ್ನೂ ಇಂಗ್ಲೆಂಡಿಗೆ ಮಾರೋಣ. ಇದಕ್ಕೆ ಬೇಕಾದ ಯಂತ್ರ ಆಗ ತಾನೇ ಬಂದಿತ್ತು. 1878ರಲ್ಲಿ ಸ್ವೀಡನ್ನಿನ ಗುಸ್ಟಾಫ್ ಡಿ ಲಾವಲ್ ಕೆನೆ ಬೇರ್ಪಡಿಸುವ ಸೆಪರೇಟರ್ ಮಾಡಿದ್ದ. ಅಲ್ಲಿವರೆಗೆ ಅಗಲವಾದ ಪಾತ್ರೆಯಲ್ಲಿ ಹಾಲಿಟ್ಟು, ಕೆನೆ ತಾನಾಗಿ ಮೇಲೆ ಬರಲು ಒಂದು ದಿನ, ಎರಡು ದಿನ ಕಾಯಬೇಕಿತ್ತು. ಈ ಯಂತ್ರದ ಬಟ್ಟಲು ಗಿರ್ರನೆ ತಿರುಗಿ ಹಾಲು ಸುರಿದ ಹಾಗೇ ಕೆನೆಯನ್ನು ಒಂದು ಕಡೆ, ಕೆನೆ ತೆಗೆದ ಹಾಲನ್ನು ಇನ್ನೊಂದು ಕಡೆ ಬಿಡುತ್ತಿತ್ತು. ಆದರೆ ನಾಲ್ಕು ಹಸು ಇಟ್ಟವರಿಗೆ ಅಂಥ ಯಂತ್ರ ಕೊಳ್ಳಲು ಆಗುತ್ತದೆಯೇ? ಹತ್ತಾರು ಮನೆಯವರು ಸೇರಿ ಕೊಂಡರು. ಸಭೆಯಲ್ಲಿ ಹಸುವಿನ ತಲೆ ಎಣಿಸಲಿಲ್ಲ, ಮನುಷ್ಯರ ತಲೆ ಎಣಿಸಿದರು. ನೂರು ಹಸು ಇದ್ದವನಿಗೂ ಎರಡು ಹಸು ಇದ್ದವನಿಗೂ ಒಂದೇ ಮತ. ನಿಮ್ಮ ಸಂಘದಲ್ಲೂ ಇವತ್ತಿಗೂ ಇರುವುದು ಅದೇ ನಿಯಮ. ಕೆಲವೇ ವರ್ಷಗಳಲ್ಲಿ ಡೆನ್ಮಾರ್ಕಿನಲ್ಲಿ ಇಂಥ ಡೈರಿಗಳು ನೂರಾರಾದವು.

ಸಹಕಾರದ ಭಾಷಣಗಳಲ್ಲಿ ಈ ಕತೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ನಾನು ಇನ್ನೂ ಸ್ವಲ್ಪ ಹೇಳಬೇಕು.

ಆ ಯಂತ್ರ ಬರುವ ಮೊದಲು ಡೆನ್ಮಾರ್ಕಿನಲ್ಲಿ ಬೆಣ್ಣೆ, ಗಿಣ್ಣಿನ ಹಾಗೆ ಗಟ್ಟಿಯಾದ ಚೀಸ್, ಎಲ್ಲವೂ ಹೆಂಗಸರ ಕೆಲಸ, ಹೆಂಗಸರ ವಿದ್ಯೆ. ಹಾನ್ನೆ ನೀಲ್ಸೆನ್ ಎಂಬ ರೈತ ಮಹಿಳೆ ಬೇರೆ ಬೇರೆ ದೇಶ ಸುತ್ತಿ ಚೀಸ್ ಮಾಡುವುದು ಕಲಿತು ಬಂದು, ತನ್ನ ಮನೆಯಲ್ಲೇ ಎಷ್ಟೋ ಹುಡುಗಿಯರಿಗೆ ಹೈನಿನ ಕೆಲಸ ಕಲಿಸಿದ್ದಳು. ಡೈರಿಗೆ ಸೆಪರೇಟರ್, ಉಗಿ ಎಂಜಿನ್, ಸಂಬಳದ ಹುದ್ದೆ ಬಂದವು ನೋಡಿ, ಕೆಲವೇ ವರ್ಷಗಳಲ್ಲಿ ಆ ಹುದ್ದೆಗಳಲ್ಲಿ ಗಂಡಸರು ಕೂತರು. ಐರ್ಲೆಂಡಿನಲ್ಲೂ ಹೀಗೇ ಆಯಿತು. ಅಲ್ಲಿ ಬೆಣ್ಣೆ, ಮೊಟ್ಟೆಯ ದುಡ್ಡು ಮನೆಯೊಡತಿಯದು ಎಂಬ ರೂಢಿ ಇತ್ತು. ಹಾಲು ನೇರ ಡೈರಿಗೆ ಹೋಗತೊಡಗಿದ ಮೇಲೆ ಹಣ ಮನೆಯ ಯಜಮಾನನ ಹೆಸರಿಗೆ ಬರತೊಡಗಿತು. ಹಾಲು ಕರೆಯುವ ಕೈ ಬದಲಾಗಲಿಲ್ಲ, ದುಡ್ಡು ಎಣಿಸುವ ಕೈ ಬದಲಾಯಿತು. ದೇಶ ಶ್ರೀಮಂತವಾಯಿತು ಎಂಬುದೂ ನಿಜ, ಇದೂ ನಿಜ.

ನೀರು ಬಿಟ್ಟು ಪ್ರಯಾಣ

ಈಗ ಪುಡಿಯ ವಿಷಯಕ್ಕೆ ಬರೋಣ. ಹಾಲಿನಲ್ಲಿ ನೂರಕ್ಕೆ 87 ಪಾಲು ನೀರು. ಬೆಣ್ಣೆಯನ್ನು ತಂಪು ಮಾಡಿ ಕಳಿಸಬಹುದು, ಆದರೆ ಈ ನೀರನ್ನೆಲ್ಲ ಹಡಗಿನಲ್ಲಿ ಹೊತ್ತು ಹೋಗುವುದು ಯಾರಿಗೂ ಗಿಟ್ಟದು. ಬಿಸಿ ಗಾಳಿ ತುಂಬಿದ ದೊಡ್ಡ ಗೋಪುರದೊಳಗೆ ಹಾಲನ್ನು ಮಂಜಿನ ಹನಿಯ ಹಾಗೆ ಸಿಂಪಡಿಸಿದರೆ, ಹನಿ ಕೆಳಗೆ ಬೀಳುವಷ್ಟರಲ್ಲಿ ನೀರು ಆವಿಯಾಗಿ ಪುಡಿ ಮಾತ್ರ ಉಳಿಯುತ್ತದೆ. ಈ ಉಪಾಯಕ್ಕೆ ಅಮೆರಿಕದಲ್ಲಿ 1872ರಲ್ಲೇ ಪೇಟೆಂಟ್ ಸಿಕ್ಕಿತ್ತು. ದೊಡ್ಡ ಕಾರ್ಖಾನೆಯ ಮಟ್ಟಕ್ಕೆ ಬಂದದ್ದು ಇಪ್ಪತ್ತನೇ ಶತಮಾನದಲ್ಲಿ. ಪುಡಿಯಾದ ಮೇಲೆ ಹಾಲಿನ ಹಗ್ಗವೇ ಕಡಿದು ಹೋಯಿತೆನ್ನಿ. ಈ ವರ್ಷ ಕರೆದ ಹಾಲನ್ನು ಮುಂದಿನ ವರ್ಷ, ಬೇರೆ ಖಂಡದಲ್ಲಿ ನೀರು ಬೆರೆಸಿ ಕುಡಿಯಬಹುದು.

ನಮ್ಮ ದೇಶಕ್ಕೆ ಈ ಯಂತ್ರ ಬಂದ ರೀತಿ ತಿಳಿದರೆ ನಿಮಗೆ ಖುಷಿಯಾದೀತು. ಗುಜರಾತಿನ ಖೇಡಾ ಜಿಲ್ಲೆಯ ರೈತರು 1946ರಲ್ಲಿ ಸಹಕಾರ ಸಂಘ ಕಟ್ಟಿ ಆಣಂದದಿಂದ ಮುಂಬಯಿಗೆ ಹಾಲು ಕಳಿಸುತ್ತಿದ್ದರು. ಅದೇ ಮುಂದೆ ಅಮುಲ್ ಆಯಿತು. ಚಳಿಗಾಲದಲ್ಲಿ ಎಮ್ಮೆಗಳು ಹೆಚ್ಚು ಹಾಲು ಕೊಡುತ್ತವೆ, ಆದರೆ ಮುಂಬಯಿಯ ಬಾಯಿ ಚಳಿಗಾಲಕ್ಕೆಂದು ದೊಡ್ಡದಾಗುವುದಿಲ್ಲ. ಹೆಚ್ಚಾದ ಹಾಲನ್ನು ಏನು ಮಾಡುವುದು? ಪುಡಿ ಮಾಡೋಣವೆಂದರೆ, ಎಮ್ಮೆ ಹಾಲನ್ನು ಪುಡಿ ಮಾಡಲು ಬರುವುದಿಲ್ಲ ಎಂದು ಹೊರದೇಶದ ತಜ್ಞರು ಹೇಳಿಬಿಟ್ಟಿದ್ದರು. ಅವರ ಯಂತ್ರಗಳೆಲ್ಲ ಹಸುವಿನ ಹಾಲಿಗೆಂದು ಮಾಡಿದವು, ಅವರ ನಾಡಿನಲ್ಲಿ ಎಮ್ಮೆ ಇರಲಿಲ್ಲ. ಡಾ. ವರ್ಗೀಸ್ ಕುರಿಯನ್ ಅವರ ಜೊತೆಗಿದ್ದ ಎಚ್.ಎಂ. ದಲಾಯಾ ಎಂಬ ತಂತ್ರಜ್ಞರು ಆಗುತ್ತದೆ ಎಂದು ಮಾಡಿ ತೋರಿಸಿದರು. 1955ರ ಅಕ್ಟೋಬರ್ 31ರಂದು ಆಣಂದದಲ್ಲಿ ಆ ಕಾರ್ಖಾನೆಯನ್ನು ಪ್ರಧಾನಿ ನೆಹರೂ ಉದ್ಘಾಟಿಸಿದರು. ಎಮ್ಮೆ ಹಾಲನ್ನು ಪುಡಿ ಮಾಡುವ ಜಗತ್ತಿನ ಮೊದಲ ಕಾರ್ಖಾನೆ ಅದು, ಮತ್ತು ಅದರ ಒಡೆಯರು ಹಾಲು ಹಾಕುವ ರೈತರೇ.

ಪುಡಿ ಯಂತ್ರ ಇದ್ದದ್ದರಿಂದ "ನಾಳೆ ಹಾಲು ತರಬೇಡಿ" ಎಂದು ಸದಸ್ಯರಿಗೆ ಹೇಳುವ ಪ್ರಸಂಗ ತಪ್ಪಿತು. ನಮ್ಮಲ್ಲಿ ಹಳೆಯ ಸದಸ್ಯರಿಗೆ 'ಹಾಲು ರಜೆ' ಎಂಬ ಮಾತು ನೆನಪಿರಬಹುದು. ಕೆಚ್ಚಲಿಗೆ ರಜೆ ಇಲ್ಲವಲ್ಲ, ಡೈರಿಗೆ ರಜೆ ಬಂದರೆ ಹಾಲು ಎಲ್ಲಿ ಚೆಲ್ಲುವುದು? ಇವತ್ತು ಚನ್ನರಾಯಪಟ್ಟಣ, ರಾಮನಗರದಂಥ ಕಡೆ ನಮ್ಮ ಸಹಕಾರಿ ಪುಡಿ ಘಟಕಗಳು ಇರುವುದರಿಂದಲೇ ಮಳೆಗಾಲ ಮುಗಿದು ಹಾಲು ಉಕ್ಕುವ ದಿನಗಳಲ್ಲೂ ಸಂಘ ನಿಮ್ಮ ಹಾಲನ್ನು ವಾಪಸ್ ಕಳಿಸುವುದಿಲ್ಲ. 2013ರಿಂದ ಶಾಲಾ ಮಕ್ಕಳು ಕುಡಿಯುತ್ತಿರುವ ಕ್ಷೀರಭಾಗ್ಯದ ಹಾಲು ಕೂಡ ಈ ಪುಡಿಯದ್ದೇ.

ಪುಡಿ ಹೀಗೆ ಕೈ ಹಿಡಿಯುತ್ತದೆ, ಹೊಡೆಯಲೂ ಬಲ್ಲದು. 1960ರ ದಶಕದ ಕೊನೆಗೆ ಯೂರೋಪಿನಲ್ಲಿ ಹಾಲಿನ ಪುಡಿ ಮತ್ತು ಬೆಣ್ಣೆ ರಾಶಿ ಬಿದ್ದಿತ್ತು. ಅದು ಅಗ್ಗದಲ್ಲಿ ನಮ್ಮ ಪಟ್ಟಣಗಳಿಗೆ ಬಂದು ಬಿದ್ದಿದ್ದರೆ ಹಳ್ಳಿಯ ಹಾಲನ್ನು ಕೇಳುವವರೇ ಇರುತ್ತಿರಲಿಲ್ಲ. 1970ರಲ್ಲಿ ಶುರುವಾದ 'ಆಪರೇಷನ್ ಫ್ಲಡ್'ನ ಜಾಣತನ ಇದ್ದದ್ದು ಇಲ್ಲೇ. ಯೂರೋಪು ದಾನವಾಗಿ ಕೊಟ್ಟ ಪುಡಿ ಮತ್ತು ಬೆಣ್ಣೆ ಎಣ್ಣೆಯನ್ನು ಪುಕ್ಕಟೆ ಹಂಚದೆ, ದೊಡ್ಡ ನಗರಗಳಲ್ಲಿ ಹಾಲಾಗಿ ಮಾಡಿ ಮಾರಿ, ಬಂದ ಹಣವನ್ನು ಹಳ್ಳಿಗಳಲ್ಲಿ ಸಂಘ ಕಟ್ಟಲು, ಶೀತಲ ಕೇಂದ್ರ ಕಟ್ಟಲು ತೊಡಗಿಸಿದರು. ಕರ್ನಾಟಕದಲ್ಲಿ 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಡೈರಿ ಅಭಿವೃದ್ಧಿ ನಿಗಮ ಶುರುವಾಗಿ, 1984ರಲ್ಲಿ ಅದು ಈಗಿನ ಹಾಲು ಮಹಾಮಂಡಳವಾಯಿತು. 1998ರ ಹೊತ್ತಿಗೆ ಭಾರತ ಜಗತ್ತಿನಲ್ಲೇ ಅತಿ ಹೆಚ್ಚು ಹಾಲು ಕರೆಯುವ ದೇಶ.

ಹೆಚ್ಚು ಹಾಲು ನಮ್ಮದು, ದರ ಅವರದು

ಈಗ ಆ ಸದಸ್ಯೆಯ ಪ್ರಶ್ನೆ. ಪುಡಿಯ ದರ ಬೀಳುವ ಊರು ಯಾವುದು?

ನ್ಯೂಜಿಲೆಂಡಿನಲ್ಲಿ ಇವತ್ತು ಜನ ಸುಮಾರು 50 ಲಕ್ಷ, ಕರೆಯುವ ಹಸುಗಳೂ ಹೆಚ್ಚುಕಡಿಮೆ ಅಷ್ಟೇ. ಬೆಂಗಳೂರಿನ ಅರ್ಧದಷ್ಟೂ ಜನರಿಲ್ಲದ ಆ ದೇಶ ಅಷ್ಟು ಹಾಲನ್ನು ತಾನೇ ಕುಡಿಯಲಾದೀತೇ? ಹತ್ತರಲ್ಲಿ ಒಂಬತ್ತು ಪಾಲಿಗಿಂತ ಹೆಚ್ಚು ಹಾಲು ಪುಡಿ, ಬೆಣ್ಣೆ, ಚೀಸ್ ಆಗಿ ಹೊರಗೆ ಹೋಗುತ್ತದೆ. ನಮ್ಮ ದೇಶದ ಹಾಲು ಅವರ ಹತ್ತು ಪಟ್ಟಿಗಿಂತ ಹೆಚ್ಚು. ಆದರೆ ನಮ್ಮದರಲ್ಲಿ ಬಹುತೇಕ ನಮ್ಮ ಕಾಫಿ, ಟೀ, ಮೊಸರು, ತುಪ್ಪಕ್ಕೇ ಮುಗಿಯುತ್ತದೆ. ಸಂತೆಯಲ್ಲಿ ದರ ಕಟ್ಟುವವರು ಮಾಲು ತಂದವರು, ಮನೆಯಲ್ಲಿ ಬೇಯಿಸಿ ಉಂಡವರಲ್ಲ. ಹಾಗಾಗಿ ಜಗತ್ತಿನ ಹಾಲಿನ ಪುಡಿಯ ದರ ಅವರ ಮಾಲಿನ ಮೇಲೆ ನಿಲ್ಲುತ್ತದೆ.

ಆ ಸಂತೆಗೆ ಊರೂ ಇಲ್ಲ, ಕಟ್ಟೆಯೂ ಇಲ್ಲ. 2008ರಲ್ಲಿ ನ್ಯೂಜಿಲೆಂಡಿನ ರೈತರ ಸಹಕಾರಿ ಕಂಪನಿ ಫಾಂಟೆರಾ, 'ಗ್ಲೋಬಲ್ ಡೈರಿ ಟ್ರೇಡ್' ಎಂಬ ಹರಾಜನ್ನು ಕಂಪ್ಯೂಟರ್ ಮೂಲಕ ಶುರು ಮಾಡಿತು. ತಿಂಗಳಿಗೆ ಎರಡು ಸಲ ನಡೆಯುತ್ತದೆ. ಚೀನಾ, ಆಗ್ನೇಯ ಏಷ್ಯಾ, ಅರಬ್ ನಾಡುಗಳ ವ್ಯಾಪಾರಿಗಳು ತಮ್ಮ ತಮ್ಮ ಕಚೇರಿಯಲ್ಲೇ ಕೂತು ಡಾಲರಿನಲ್ಲಿ ಕೂಗುತ್ತಾರೆ. ಕೆಲವು ಗಂಟೆಯಲ್ಲಿ ಮುಗಿಯುತ್ತದೆ. ಅಂದು ನಿಂತ ದರವನ್ನು ಇಡೀ ಜಗತ್ತಿನ ಹಾಲಿನ ವ್ಯಾಪಾರಿಗಳು ನೋಡುತ್ತಾರೆ. ನಮ್ಮ ಊರಿನ ರೇಷ್ಮೆಗೂಡಿನ ಮಾರುಕಟ್ಟೆಯ ಹರಾಜು ಇದ್ದಂತೆಯೇ, ಗದ್ದಲ ಮಾತ್ರ ಇಲ್ಲ.

"ನಮ್ಮ ದೇಶಕ್ಕೆ ಹೊರಗಿನ ಪುಡಿ ಬರುವುದೇ ಇಲ್ಲವಲ್ಲ, ನಮಗೇನು?" ಎಂದು ನೀವು ಕೇಳಬಹುದು. ಹೌದು, ಬಾಗಿಲು ಬಹುಮಟ್ಟಿಗೆ ಮುಚ್ಚಿದೆ. 10,000 ಟನ್ನಿನ ಒಂದು ಮಿತಿಯಾಚೆ ಬರುವ ಪುಡಿಗೆ 60 ಶೇಕಡಾ ಸುಂಕವಿದೆ. 2019ರ ನವೆಂಬರ್‌ನಲ್ಲಿ 16 ದೇಶಗಳ ಆರ್‌ಸಿಇಪಿ ಒಪ್ಪಂದದಿಂದ ಭಾರತ ಹಿಂದೆ ಸರಿಯಲು ಹೈನುಗಾರರ ಆತಂಕವೂ ಒಂದು ದೊಡ್ಡ ಕಾರಣ. ಆ ಒಪ್ಪಂದದಲ್ಲಿ ನ್ಯೂಜಿಲೆಂಡ್, ಆಸ್ಟ್ರೇಲಿಯಾ ಎರಡೂ ಇದ್ದವು. ಆದರೆ ಬಾಗಿಲು ಮುಚ್ಚಿದರೂ ಗಾಳಿ ಒಳಗೆ ಬರುತ್ತದೆ. ಹೇಗೆ ಎಂದು ಒಂದು ಲೆಕ್ಕ ಹಾಕೋಣ. ಮಗಳ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ನೀವೂ ಹಾಕಿ ನೋಡಿ.

3.5 ಫ್ಯಾಟ್, 8.5 ಎಸ್‌ಎನ್‌ಎಫ್ ಇರುವ 100 ಲೀಟರ್ ಹಸುವಿನ ಹಾಲು ತೆಗೆದುಕೊಳ್ಳಿ. ಅದರಿಂದ ಹೆಚ್ಚುಕಡಿಮೆ 9 ಕಿಲೋ ಕೆನೆರಹಿತ ಪುಡಿ, 4 ಕಿಲೋ ಬೆಣ್ಣೆ ಬರುತ್ತದೆ. ಪುಡಿಯ ದರ ಕಿಲೋಗೆ 100 ರೂಪಾಯಿ ಬಿತ್ತು ಎಂದುಕೊಳ್ಳೋಣ. 9 ಕಿಲೋಗೆ 900 ರೂಪಾಯಿ ಹೋಯಿತು. ಅದನ್ನು 100 ಲೀಟರಿಗೆ ಹಂಚಿದರೆ ಲೀಟರಿಗೆ 9 ರೂಪಾಯಿ. ಪ್ಯಾಕೆಟ್ಟಿನಲ್ಲಿ ಮಾರುವ ಹಾಲಿಗೆ ಈ ನಷ್ಟ ಇಲ್ಲ, ಪುಡಿಗೆ ಹೋದ ಹಾಲಿಗೆ ಮಾತ್ರ. ಆದರೆ ಒಕ್ಕೂಟಕ್ಕೆ ಬಂದ ಹಾಲಿನಲ್ಲಿ ಎಷ್ಟು ಹೆಚ್ಚು ಪಾಲು ಪುಡಿಗೆ ಹೋಗುತ್ತದೋ ಆ ನಷ್ಟ ಎಲ್ಲ ಸದಸ್ಯರ ದರದ ಮೇಲೆ ಹರಡುತ್ತದೆ. ನಿಮ್ಮ ಕ್ಯಾನಿನ ಹಾಲು ಪುಡಿಯಾಯಿತೋ ಪ್ಯಾಕೆಟ್ಟಾಯಿತೋ ಯಾರಿಗೂ ಗೊತ್ತಿಲ್ಲ, ನಷ್ಟದ ಪಾಲು ಮಾತ್ರ ಎಲ್ಲರಿಗೂ.

ಹೊರಗಿನ ದರ ಮೇಲಿದ್ದಾಗ ನಮ್ಮಲ್ಲಿ ಮಿಕ್ಕ ಪುಡಿಯನ್ನು ರಫ್ತು ಮಾಡಬಹುದು. ಹೊರಗೆ ದರ ಬಿದ್ದಾಗ ಆ ದಾರಿ ಮುಚ್ಚುತ್ತದೆ. ಪುಡಿ ಚೀಲಗಳು ಗೋದಾಮಿನಲ್ಲೇ ಕೂರುತ್ತವೆ, ಅದಕ್ಕೆ ಹಾಕಿದ ದುಡ್ಡೂ ಅಲ್ಲೇ ಕೂರುತ್ತದೆ. ಆಗ ಖಾಸಗಿ ಡೈರಿಗಳು ಏನು ಮಾಡುತ್ತವೆ ಎಂದು ನಿಮಗೇ ಗೊತ್ತು. ಖರೀದಿ ದರ ಇಳಿಸುತ್ತವೆ, ಕೆಲವು ಹಾಲು ತೆಗೆದುಕೊಳ್ಳುವುದನ್ನೇ ನಿಲ್ಲಿಸುತ್ತವೆ. ನಿನ್ನೆವರೆಗೆ ಅತ್ತ ಹಾಲು ಹಾಕಿದವರು ಕ್ಯಾನು ಹಿಡಿದು ಸಂಘದ ಕಡೆ ಬರುತ್ತಾರೆ. ಸಂಘ ಬೇಡ ಎನ್ನುವಂತಿಲ್ಲ. ಅತಿ ಕೆಟ್ಟ ದರದ ದಿನಗಳಲ್ಲೇ ಅತಿ ಹೆಚ್ಚು ಹಾಲು ಬರುವುದು ಹೀಗೆ. (ದರ ಏರಿದ ದಿನ ಅವರು ಮತ್ತೆ ಅತ್ತ ಹೋಗುತ್ತಾರೆ. ಆ ವಿಷಯ ಇನ್ನೊಮ್ಮೆ ಮಾತಾಡೋಣ.)

ಇನ್ನು, ಹೊರಗಿನ ದರ ಬೀಳುವುದಾದರೂ ಯಾಕೆ? ಕೆಲವು ಸಲ ಕಾರಣ ರಾಜಕೀಯದ್ದು. 2014ರ ಆಗಸ್ಟ್‌ನಲ್ಲಿ ರಷ್ಯಾ ಯೂರೋಪಿನ ಹಾಲು ಉತ್ಪನ್ನಗಳನ್ನು ನಿಷೇಧಿಸಿತು. 2015ರ ಮಾರ್ಚ್ ಕೊನೆಗೆ ಯೂರೋಪಿನಲ್ಲಿ 1984ರಿಂದ ಇದ್ದ ಕೋಟಾ, ಅಂದರೆ ಇಷ್ಟೇ ಹಾಲು ಕರೆಯಬೇಕೆಂಬ ಮಿತಿ, ತೆಗೆದುಹೋಯಿತು. ಅದೇ ಹೊತ್ತಿಗೆ ಚೀನಾ ಖರೀದಿ ಕಡಿಮೆ ಮಾಡಿತ್ತು. ಹಾಲು ಉಕ್ಕಿತು, ಕೊಳ್ಳುವವರಿಲ್ಲ. ಯೂರೋಪಿನ ಸರ್ಕಾರಿ ಗೋದಾಮುಗಳಲ್ಲಿ ಮೂರೂವರೆ ಲಕ್ಷ ಟನ್ನಿಗೂ ಹೆಚ್ಚು ಪುಡಿ ಸೇರಿತು. ರಷ್ಯಾ ಎಲ್ಲಿ, ನಿಮ್ಮ ಕೊಟ್ಟಿಗೆ ಎಲ್ಲಿ! 2020ರ ಲಾಕ್‌ಡೌನಿನಲ್ಲಂತೂ ಹೊರಗಿನವರ ಕಾರಣವೂ ಬೇಕಾಗಲಿಲ್ಲ. ಹೋಟೆಲು, ಮದುವೆ, ಸ್ವೀಟ್ ಅಂಗಡಿ ಎಲ್ಲ ಮುಚ್ಚಿ, ಹಾಲು ಪುಡಿ ಘಟಕಗಳ ಕಡೆ ಹರಿಯಿತು.

ಎರಡು ಹಸುವಿನ ಲೆಕ್ಕ

ನ್ಯೂಜಿಲೆಂಡಿನ ಒಂದು ಸರಾಸರಿ ಹೈನು ತೋಟದಲ್ಲಿ ಸುಮಾರು 440 ಹಸು. ಅಷ್ಟನ್ನು ಕರೆಯಲು ಬೆರಳೆಣಿಕೆಯ ಜನ. 1969ರಲ್ಲಿ ಅಲ್ಲಿನ ಒಬ್ಬ ರೈತ ಗಾಣದ ಹಾಗೆ ತಿರುಗುವ ಕಟ್ಟೆ ಮಾಡಿದ. ಹಸುಗಳು ಒಂದೊಂದಾಗಿ ಅದರ ಮೇಲೆ ಹತ್ತುತ್ತವೆ, ಕಟ್ಟೆ ಒಂದು ಸುತ್ತು ತಿರುಗುವಷ್ಟರಲ್ಲಿ ಯಂತ್ರ ಹಾಲು ಕರೆದಿರುತ್ತದೆ, ಹಸು ಇಳಿದು ಮೇಯಲು ಹೋಗುತ್ತದೆ. ನೆದರ್ಲೆಂಡ್ಸ್‌ನಲ್ಲಿ 1992ರಿಂದ ಮನುಷ್ಯರ ಕೈ ಇಲ್ಲದೆ ರೋಬಾಟ್ ಹಾಲು ಕರೆಯುತ್ತಿದೆ.

ಇದನ್ನು ಓದಿ "ನಾವು ಇವರ ಜೊತೆ ಹೇಗೆ ಏಗೋದು" ಎಂದು ಹೆದರಬೇಡಿ. ಅವರು ಯಂತ್ರಕ್ಕೆ, ಜಮೀನಿಗೆ ಮಾಡಿದ ಸಾಲದ ಬಡ್ಡಿ ಕಟ್ಟಬೇಕು. ನಿಮ್ಮ ಹಸು ತಿನ್ನುವುದು ರಾಗಿ ಹುಲ್ಲು, ಜೋಳದ ದಂಟು, ಬದುವಿನ ಸೀಮೆಹುಲ್ಲು. ದರ ಬಿದ್ದ ವರ್ಷ 440 ಹಸುವಿನವನು ಬ್ಯಾಂಕಿಗೆ ಉತ್ತರ ಹೇಳಬೇಕು, ಎರಡು ಹಸುವಿನವರು ಹೇಗೋ ತಡೆದುಕೊಳ್ಳುತ್ತಾರೆ. ನಮ್ಮ ಹೈನುಗಾರಿಕೆಯ ಶಕ್ತಿ ಇದೇ ಎಂದು ತಜ್ಞರೆಲ್ಲ ಹೇಳುತ್ತಾರೆ. ನಾನೂ ಸಭೆಗಳಲ್ಲಿ ಹೇಳಿದ್ದೇನೆ. ಆದರೆ ಆ 'ಹೇಗೋ' ಎಂಬ ಮಾತಿನೊಳಗೆ ಏನಿದೆ ಎಂದು ಬಿಡಿಸಿ ನೋಡಿದರೆ ನಿಮ್ಮ ದುಡಿಮೆ ಇದೆ. ಬೆಳಿಗ್ಗೆ ಐದಕ್ಕೆ ಎದ್ದು ಸಗಣಿ ಬಾಚಿ, ಹುಲ್ಲು ಕೊಯ್ದು ತಂದು, ನೀರು ಕುಡಿಸಿ, ಎರಡು ಹೊತ್ತು ಹಾಲು ಕರೆದು, ಕ್ಯಾನು ತೊಳೆಯುವ ಗಂಟೆಗಳಿಗೆ ಬಹಳ ಮನೆಗಳ ಲೆಕ್ಕದಲ್ಲಿ ಕೂಲಿ ಬರೆಯುವುದೇ ಇಲ್ಲ. ನಮ್ಮ ಹಾಲು ಅಗ್ಗ ಎನ್ನುವುದರ ಗುಟ್ಟು ಇಷ್ಟೇ. ಹಾಲು ಕರೆಯುವ ಯಂತ್ರವೋ ಮೇವು ಕತ್ತರಿಸುವ ಯಂತ್ರವೋ ಬೇಕೇ ಬೇಡವೇ ಎಂದು ಮನೆಯಲ್ಲಿ ಮಾತು ಬಂದಾಗ ಆ ಗಂಟೆಗಳನ್ನೂ ದಯವಿಟ್ಟು ಲೆಕ್ಕಕ್ಕೆ ಸೇರಿಸಿ.

ಅಂದಹಾಗೆ ಹಸುವೇ ದೂರದಿಂದ ಬಂದದ್ದು. ನಿಮ್ಮ ಜರ್ಸಿಯ ಹೆಸರು ಇಂಗ್ಲೆಂಡ್–ಫ್ರಾನ್ಸ್ ನಡುವಿನ ಒಂದು ಪುಟ್ಟ ದ್ವೀಪದ್ದು. ಎಚ್‌ಎಫ್‌ನ ಮೂಲ ನೆದರ್ಲೆಂಡ್ಸ್ ಮತ್ತು ಜರ್ಮನಿಯ ಕರಾವಳಿ. 1949ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ಗ್ಲಿಸರಿನ್ ಬೆರೆಸಿ ವೀರ್ಯವನ್ನು ಹೆಪ್ಪುಗಟ್ಟಿಸಿ ಕೆಡದಂತೆ ಇಡಬಹುದೆಂದು ಕಂಡುಕೊಂಡರು. ಅದರಿಂದಲೇ ಹೋರಿ ಎಲ್ಲೋ, ಕರು ನಿಮ್ಮ ಕೊಟ್ಟಿಗೆಯಲ್ಲಿ. ಡಾಕ್ಟರು ತರುವ ಜಾಡಿಯೊಳಗೆ ಮೈನಸ್ 196 ಡಿಗ್ರಿ ಚಳಿಯಲ್ಲಿರುವ ಆ ಕಡ್ಡಿ ಕೂಡ ಡನಿಡಿನ್ ಹಡಗಿನ ಸಂಬಂಧಿಯೇ.

ಹಗ್ಗ ಈಗಲೂ ಉದ್ದವಾಗುತ್ತಲೇ ಇದೆ. ಬಿಎಂಸಿ ಬಂದ ಸಂಘಗಳಲ್ಲಿ ಹಾಲು ಊರಲ್ಲೇ 4 ಡಿಗ್ರಿಗೆ ಇಳಿಯುತ್ತದೆ. 2024ರ ನವೆಂಬರ್‌ನಿಂದ ನಂದಿನಿ ಹಾಲು ದೆಹಲಿಯಲ್ಲೂ ಮಾರಾಟವಾಗುತ್ತಿದೆ. ಮಂಡ್ಯದ ಹಾಲು ಟ್ಯಾಂಕರಿನಲ್ಲಿ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ಹೋಗಬೇಕು. ಅಷ್ಟು ದೂರ ಅದು ಕೆಡದೆ ಹೋಗುತ್ತದೆಯೋ ಇಲ್ಲವೋ ಎಂಬುದು ಟ್ಯಾಂಕರಿನಲ್ಲಿ ಅಲ್ಲ, ಕೆಚ್ಚಲು ತೊಳೆದ ನೀರಿನಲ್ಲಿ, ಕರೆದ ಹಾಲು ಬಿಎಂಸಿ ಮುಟ್ಟುವ ಮೊದಲಿನ ಆ ಅರ್ಧ ಗಂಟೆಯಲ್ಲಿ ತೀರ್ಮಾನವಾಗುತ್ತದೆ. ದೆಹಲಿಯಲ್ಲಿ ಪ್ಯಾಕೆಟ್ಟಾಗಿ ಮಾರಿಹೋದ ಪ್ರತಿ ಲೀಟರೂ ಪುಡಿಗೆ ಹೋಗದೆ ಉಳಿದ ಲೀಟರು. ಮೇಲಿನ ಲೆಕ್ಕ ನೋಡಿ, ಅದು ಎಷ್ಟು ಮುಖ್ಯವೆಂದು ತಿಳಿಯುತ್ತದೆ.

ಇನ್ನೊಂದು ವಿಷಯ ಹೇಳಿ ಮುಗಿಸುತ್ತೇನೆ. ಆ ದಿನ ಸಭೆ ಮುಗಿದ ಮೇಲೆ ಪ್ರಶ್ನೆ ಕೇಳಿದ ಸದಸ್ಯೆಯ ಹಾಲಿನ ಲೆಕ್ಕ ನೋಡೋಣವೆಂದು ಕಾರ್ಯದರ್ಶಿಯವರ ಹತ್ತಿರ ಪುಸ್ತಕ ಕೇಳಿದೆ. ಆಕೆಯ ಹೆಸರು ಸಿಗಲಿಲ್ಲ. ಹನ್ನೊಂದು ವರ್ಷದಿಂದ ಎರಡು ಹೊತ್ತು ಹಾಲು ತಂದು ಹಾಕುತ್ತಿರುವವರು ಆಕೆ. ಯಂತ್ರದಿಂದ ಬರುವ ಚೀಟಿಯಲ್ಲಿ, ಷೇರಿನಲ್ಲಿ, ಬಟವಾಡೆಯಲ್ಲಿ, ಸರ್ಕಾರದ ಪ್ರೋತ್ಸಾಹಧನ ಬೀಳುವ ಬ್ಯಾಂಕ್ ಖಾತೆಯಲ್ಲಿ ಇದ್ದದ್ದು ಗಂಡನ ಹೆಸರು. ನಾನು ಇಷ್ಟು ಹೊತ್ತು 'ಸದಸ್ಯೆ' ಎಂದು ಬರೆದದ್ದು ತಪ್ಪು. ಪುಸ್ತಕದ ಪ್ರಕಾರ ಆಕೆ ಸದಸ್ಯೆಯೇ ಅಲ್ಲ. ಪ್ರಶ್ನೆ ಕೇಳಬಹುದಿತ್ತು, ಮತ ಹಾಕುವಂತಿರಲಿಲ್ಲ. ಡೆನ್ಮಾರ್ಕಿನ, ಐರ್ಲೆಂಡಿನ ಹೆಂಗಸರ ಕತೆಯನ್ನು ನಾನು ಇಲ್ಲಿ ಎಳೆದು ತಂದದ್ದು ಇದಕ್ಕೇ.

ನಮ್ಮ ಮಹಿಳಾ ಸಂಘಗಳಲ್ಲಿ ಈ ತೊಂದರೆ ಇಲ್ಲ. ಉಳಿದ ಸಂಘಗಳಲ್ಲಿ ಹಾಲು ಹಾಕುವವರು ತಮ್ಮ ಹೆಸರಿನಲ್ಲಿ ಸದಸ್ಯತ್ವಕ್ಕೆ ಅರ್ಜಿ ಕೊಡಬಹುದು. ಅರ್ಜಿ ನಮೂನೆ ಕಾರ್ಯದರ್ಶಿಯವರ ಹತ್ತಿರ ಇರುತ್ತದೆ. ಆಧಾರ್, ನಿಮ್ಮದೇ ಹೆಸರಿನ ಬ್ಯಾಂಕ್ ಪಾಸ್‌ಬುಕ್, ಷೇರು ಹಣ ಜೊತೆಗೆ ಒಯ್ಯಿರಿ. ಏನಾದರೂ ಅಡ್ಡಿ ಎಂದರೆ ನಿಮ್ಮ ಮಾರ್ಗದ ವಿಸ್ತರಣಾಧಿಕಾರಿಗೆ ತಿಳಿಸಿ.

ಕಳೆದ ವಾರ ಆಕೆಯ ಫೋನ್ ಬಂದಿತ್ತು. ಅರ್ಜಿ ಕೊಟ್ಟಿದ್ದಾರಂತೆ, ಆಡಳಿತ ಮಂಡಳಿಯ ಮುಂದಿನ ಸಭೆಗೆ ಬರುತ್ತದಂತೆ. ಫೋನ್ ಇಡುವ ಮುನ್ನ, "ಮೇಡಂ, ಪುಡಿ ದರ ಈಗ ಎಷ್ಟಿದೆ?" ಎಂದು ಕೇಳಿದರು.